ಮೂರನೇ ಒಂಬತ್ತರ ಚಳಿ: ಉಲಾನ್‌ಬಾತರ್‌ನಲ್ಲಿ ಒಬ್ಬ ಮಿಷನರಿಯ ಮೂರು ಬೆರಳು

ರಾತ್ರಿ ಒಂಬತ್ತು ಗಂಟೆಗೆ ಫ್ಲ್ಯಾಟಿಗೆ ಬಂದು ಬೂಟು ಬಿಚ್ಚಿದಾಗ ಎಡಗಾಲಿನ ಕಿರುಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಬೆಳ್ಳಗಾಗಿದ್ದವು. ಮುಟ್ಟಿದರೆ ಮೇಣದಬತ್ತಿಯ ತುಂಡಿನಂತೆ ಗಟ್ಟಿ. ನೋವು ಮಾತ್ರ ಚೂರೂ ಇರಲಿಲ್ಲ. ಹುಡುಗನಿಗೆ ಹತ್ತೊಂಬತ್ತು ವರ್ಷ, ಅರಿಜೋನದವನು, ಮಂಗೋಲಿಯಾಕ್ಕೆ ಬಂದು ನಾಲ್ಕು ವಾರ. ನೋವಿಲ್ಲದ್ದನ್ನು ಕಂಡು ಅವನು ಗಾಬರಿಯಾಗಲಿಲ್ಲ. ಅವನ ಜೊತೆಗಾರ ದಾರ್ಖಾನ್ ಊರಿನ ಮಂಗೋಲಿಯನ್ ಹುಡುಗ. ಗಾಬರಿಯಾದವನು ಅವನು.

ಈ ಇಬ್ಬರೂ ನಿರ್ದಿಷ್ಟ ವ್ಯಕ್ತಿಗಳಲ್ಲ. ಇಂಥ ಊರುಗಳಲ್ಲಿ ಚಳಿಗಾಲದ ಸೇವೆಗೆ ಬಂದವರಿಗೆ ಮತ್ತೆ ಮತ್ತೆ ಆಗುವುದನ್ನು ಒಂದು ಸಂಜೆಯೊಳಗೆ ಜೋಡಿಸಿ ಕಟ್ಟಿದ ಮಾದರಿ ಪ್ರಕರಣ ಇದು. ಊರು, ಕಾನೂನು, ನಿಯಮ, ಚಿಕಿತ್ಸೆ ಎಲ್ಲ ಇದ್ದದ್ದು ಇದ್ದ ಹಾಗೆ.

ಯಾರು, ಎಲ್ಲಿ, ಯಾಕೆ

ಮಾರ್ಮನ್ ಎಂದು ಜನ ಕರೆಯುವ ಸಭೆಯ ಪೂರ್ತಿ ಹೆಸರು ಯೇಸು ಕ್ರಿಸ್ತರ ಅಂತಿಮ ದಿನಗಳ ಸಂತರ ಸಭೆ. ಆ ಅಡ್ಡಹೆಸರು ಬಿಡಿ ಎಂದು 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡರು, ಜನ ಬಿಟ್ಟಿಲ್ಲ. ಹುಡುಗರು 18 ತುಂಬಿದ ಮೇಲೆ ಎರಡು ವರ್ಷದ ಸೇವೆಗೆ ಹೊರಡಬಹುದು, 2012ರವರೆಗೆ ಇದು 19 ಇತ್ತು. ಯುವತಿಯರದ್ದು 18 ತಿಂಗಳ ಸೇವೆ. ಎಲ್ಲಿಗೆ ಎಂಬುದನ್ನು ಹೊರಡುವವರು ಆರಿಸುವಂತಿಲ್ಲ, ಕರೆ ಬಂದ ಕಡೆ ಹೋಗಬೇಕು. ಸಂಬಳವಿಲ್ಲ. ಅಮೆರಿಕದಿಂದ ಹೊರಡುವವರು 2020ರ ಜುಲೈನಿಂದ ತಿಂಗಳಿಗೆ 500 ಡಾಲರ್ ಕಟ್ಟುತ್ತಾರೆ. ಯಾವ ದೇಶಕ್ಕೆ ಹೋದರೂ ಅಷ್ಟೇ. ಬಟ್ಟೆಬರೆ, ಬೂಟು ಅದರೊಳಗೆ ಬರುವುದಿಲ್ಲ, ಮನೆಯವರೇ ಕೊಳ್ಳಬೇಕು. ಈ ಪ್ರಕರಣದ ಬೀಜ ಅರ್ಧ ಅಲ್ಲೇ ಇದೆ.

ಸಭೆಯ ಮಂಗೋಲಿಯಾ ಮಿಷನ್, ಅಂದರೆ ಈ ಸೇವೆಯನ್ನು ನಡೆಸುವ ಅಲ್ಲಿನ ಘಟಕ, 1995ರದು. (ಬೆಂಗಳೂರಿನ ಮಿಷನ್ ಅದಕ್ಕಿಂತ ಎರಡು ವರ್ಷ ಹಿರಿದು.) ಮಂಗೋಲಿಯಾದ 1993ರ ಕಾನೂನು ಹೊರಗಿನವರ ಧರ್ಮಪ್ರಚಾರಕ್ಕೆ ಕಡಿವಾಣ ಹಾಕುತ್ತದೆ. ಹಾಗಾಗಿ ಅಮೆರಿಕದ ಬೀದಿಗಳಲ್ಲಿ ಕಾಣುವಂತೆ ಬಿಳಿ ಅಂಗಿ, ಕಪ್ಪು ಹೆಸರುಪಟ್ಟಿ ತೊಟ್ಟು ಮನೆಮನೆಯ ಬಾಗಿಲು ತಟ್ಟುವ ಕೆಲಸ ಇಲ್ಲಿಲ್ಲ. ಇಂಗ್ಲಿಷ್ ಪಾಠ, ಪ್ರಾರ್ಥನಾಲಯದ ಕೆಲಸ, ಕರೆದವರ ಮನೆಗೆ ಭೇಟಿ, ಇಷ್ಟೇ. ಕರೆದವರ ಮನೆ ಎಂದರೆ ಬಹಳ ಸಲ ಊರಂಚಿನ ಗೆರ್ ಬಡಾವಣೆ. ಕೊಳವೆ ನೀರಿಲ್ಲ, ಬಿಸಿನೀರಿನ ಪೈಪಿಲ್ಲ. ಹಲಗೆಬೇಲಿಯ ಅಂಗಳದೊಳಗೆ ಉಣ್ಣೆಗಂಬಳಿ ಹೊದ್ದ ಗುಂಡನೆಯ ಗುಡಾರ, ನಡುವೆ ಒಲೆ, ಬೇಲಿಯೊಳಗೆ ನಾಯಿ.

ಚಳಿಗಾಲವನ್ನು ಮಂಗೋಲಿಯನ್ನರು ಒಂಬತ್ತು ಒಂಬತ್ತುಗಳಲ್ಲಿ ಎಣಿಸುತ್ತಾರೆ. ಡಿಸೆಂಬರ್ 22ರ ಆಸುಪಾಸಿನಿಂದ ಒಂಬತ್ತು ದಿನದ ಒಂಬತ್ತು ಕಂತು, ಒಟ್ಟು 81 ದಿನ. ಮೊದಲ ಒಂಬತ್ತಿನಲ್ಲಿ ಹಾಲಿನ ಸಾರಾಯಿ ಹೆಪ್ಪುಗಟ್ಟುತ್ತದೆ, ಎರಡನೆಯದರಲ್ಲಿ ಎರಡು ಸಲ ಭಟ್ಟಿ ಇಳಿಸಿದ್ದೂ ಹೆಪ್ಪುಗಟ್ಟುತ್ತದೆ, ಮೂರನೆಯದರಲ್ಲಿ ಮೂರು ವರ್ಷದ ಎತ್ತಿನ ಕೊಂಬು. ನಮ್ಮ ಮಳೆ ನಕ್ಷತ್ರಗಳ ಗಾದೆಗಳ ಹಾಗೆ ಇದೂ ಉಪಯೋಗಕ್ಕಿರುವ ಲೆಕ್ಕವೇ. ಮೂರು ಮತ್ತು ನಾಲ್ಕನೇ ಒಂಬತ್ತು, ಅಂದರೆ ಜನವರಿ 9ರಿಂದ 26ರ ತನಕ, ವರ್ಷದ ಕಡುಚಳಿ. ನಮ್ಮ ಪ್ರಕರಣ ಜನವರಿ 14ರದು.

ಆ ಸಂಜೆ

ಉಲಾನ್‌ಬಾತರ್‌ನ ಫ್ಲ್ಯಾಟುಗಳಿಗೆ ಶಾಖ ಬರುವುದು ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ಬಿಸಿನೀರಿನ ಪೈಪಿನಿಂದ. ಸೆಪ್ಟೆಂಬರ್ 15ಕ್ಕೆ ಶುರುವಾದರೆ ಮೇ 15ಕ್ಕೆ ನಿಲ್ಲುತ್ತದೆ. ನಡುವೆ ಮನೆಯವರು ಕಿಟಕಿ ತೆರೆದು ತಂಪು ಮಾಡಿಕೊಳ್ಳಬೇಕೇ ಹೊರತು ಶಾಖ ಇಳಿಸುವ ತಿರುಪು ಬಹಳ ಮನೆಗಳಲ್ಲಿ ಇಲ್ಲ. ಹೊರಗೆ ಮೈನಸ್ 29, ಒಳಗೆ 25. ಇಬ್ಬರೂ ನಾಲ್ಕು ಗಂಟೆ ಹತ್ತಕ್ಕೆ ಬಟ್ಟೆ ತೊಡಲು ಶುರು ಮಾಡಿದರು. ಹೊಸಬ ಮೊದಲೇ ಮುಗಿಸಿದ: ಥರ್ಮಲ್, ಉಣ್ಣೆ ಸ್ವೆಟರ್, ದಪ್ಪ ಕೋಟು, ಟೋಪಿ, ಬೂಟು, ಲೇಸು ಬಿಗಿದು ಗಂಟು. ಅಷ್ಟರಲ್ಲಿ ಜೊತೆಗಾರನಿಗೆ ಫೋನು ಬಂತು. ಹದಿನೈದು ನಿಮಿಷ ಹೊಸಬ ಅಷ್ಟೂ ತೊಟ್ಟುಕೊಂಡು 25 ಡಿಗ್ರಿಯಲ್ಲಿ ನಿಂತ. ಬೆನ್ನು ಬೆವರಿತು. ಅಂಗಾಲೂ ಬೆವರಿತು, ಅದು ಗೊತ್ತಾಗಲಿಲ್ಲ.

ಕಾಲಿನಲ್ಲಿ ಮೂರು ಜೊತೆ ಕಾಲುಚೀಲ ಇದ್ದವು. ಚರ್ಮಕ್ಕೆ ತಾಗಿ ಹತ್ತಿಯದು, ಮೇಲೆ ಎರಡು ಉಣ್ಣೆಯವು. ಬೂಟು ಒಳ್ಳೆಯದೇ, ಮೈನಸ್ 40ಕ್ಕೆ ಆಗುತ್ತದೆಂದು ಪೆಟ್ಟಿಗೆಯ ಮೇಲೆ ಬರೆದದ್ದು. ಆದರೆ ಅರಿಜೋನದ ಎಸಿ ಅಂಗಡಿಯಲ್ಲಿ ತೆಳು ಕಾಲುಚೀಲ ಹಾಕಿ ಅಳತೆ ನೋಡಿ ಕೊಂಡದ್ದು. ಮೂರು ಪದರ ತುರುಕಿದಾಗ ಬೆರಳಾಡಿಸಲು ಜಾಗ ಉಳಿಯಲಿಲ್ಲ.

ಬಸ್‌ನಿಲ್ದಾಣದಲ್ಲಿ 25 ನಿಮಿಷ. ಬಸ್ಸಿನೊಳಗೆ ಕಿಟಕಿಗೆ ಒಳಗಿನಿಂದಲೇ ಮಂಜಿನ ಪೊರೆ. ಇಳಿದ ಮೇಲೆ 20 ನಿಮಿಷ ಏರುದಾರಿ, ತುಳಿದು ಗಾಜಾದ ಹಿಮ, ಒಲೆಹೊಗೆಯ ಕಮಟು. ಈ ಹೊತ್ತಿಗೆ ಬೆರಳು ನೋಯುತ್ತಿತ್ತು. ಜೊತೆಗಾರ "ಚಳಿನಾ?" ಎಂದು ಕೇಳಿದ. "ಪರವಾಗಿಲ್ಲ" ಎಂದ ಹೊಸಬ. ಆ ಊರಿನಲ್ಲಿ ಜನವರಿಯಲ್ಲಿ ಚಳಿನಾ ಎಂದು ಕೇಳಿದರೆ ಬೇರೆ ಉತ್ತರ ಯಾರು ಕೊಟ್ಟಾರು?

ಮನೆಯ ಬೇಲಿಯ ಮುಂದೆ ನಿಂತು ಜೊತೆಗಾರ "ನೊಖೊಯ್ ಖೋರ್!" ಎಂದು ಕೂಗಿದ. ನಾಯಿ ಹಿಡ್ಕೊಳ್ಳಿ ಎಂದರ್ಥ, ಅಲ್ಲಿ ಬಾಗಿಲ ಮುಂದಿನ ನಮಸ್ಕಾರವೂ ಅದೇ. ಗೆರ್ ಒಳಗೆ ಒಲೆಯ ಬಳಿ ಸೆಕೆ, ನೆಲದಲ್ಲಿ ಥಂಡಿ. ಬೂಟು ಕಳಚುವ ರೂಢಿ ಅಲ್ಲಿಲ್ಲ. ಬೂಟಿಗೆ ಮೆತ್ತಿದ್ದ ಹಿಮ ಒಂದು ಗಂಟೆ ಹತ್ತು ನಿಮಿಷದಲ್ಲಿ ಕರಗಿ ಲೇಸಿನ ತೂತು, ಹೊಲಿಗೆಗಳಲ್ಲಿ ಇಳಿಯಿತು. ಮನೆಯಾಕೆ ಬಟ್ಟಲಲ್ಲಿ ಉಪ್ಪುಹಾಕಿದ ಹಾಲುಚಹಾ ಹಿಡಿದಳು. ಚಹಾ, ಕಾಫಿ, ಹೆಂಡ, ತಂಬಾಕು ಈ ಸಭೆಯವರಿಗೆ ನಿಷಿದ್ಧ. ಬೇಡವೆಂದು ಕೈ ಅಡ್ಡ ಹಿಡಿಯುವುದು ಅಲ್ಲಿ ದೊಡ್ಡ ಅಪಚಾರ, ಆದ್ದರಿಂದ ಬಲಗೈಯಲ್ಲಿ ಏನನ್ನಾದರೂ ಸ್ವೀಕರಿಸಲೇಬೇಕು. ಜೊತೆಗಾರ ಬಿಸಿನೀರು ಕೇಳಿ ಪಡೆದ. ಹೊಸಬ ನಾಚಿಕೊಂಡು ಅದನ್ನೂ ಎರಡು ಗುಟುಕು ಕುಡಿದು ಇಟ್ಟ. ತಟ್ಟೆಯಲ್ಲಿ ಬಂದ ಬೂಜ್, ಅಂದರೆ ಕುರಿಮಾಂಸದ ಕಡುಬು, ಎರಡೇ ತಿಂದ. ಮೈಗೆ ಉರುವಲು ಬೇಕಾದ ಹೊತ್ತಿನಲ್ಲಿ ಸಂಕೋಚ.

ಒಲೆಯ ಕಡೆಗೆ ಕಾಲು ಚಾಚುವುದು ಮಂಗೋಲಿಯನ್ನರಲ್ಲಿ ಒಲೆಗೆ ಮಾಡುವ ಅವಮಾನ. ಹೊಸಬನಿಗೆ ಅದು ಗೊತ್ತಿತ್ತು, ಮಡಚಿ ಕೂತ. ಇದೊಂದು ಕಟ್ಟಳೆ ಅವನಿಗೆ ಉಪಕಾರವನ್ನೇ ಮಾಡಿತು: ಜೋಮು ಹಿಡಿದ ಕಾಲನ್ನು ಒಲೆಯ ತಗಡಿಗೆ ಒಡ್ಡಿದ್ದರೆ ಸುಟ್ಟದ್ದೂ ತಿಳಿಯುತ್ತಿರಲಿಲ್ಲ.

ಏಳೂ ಹತ್ತಕ್ಕೆ ಹೊರಟರು. ಮೈನಸ್ 31, ಬೆಟ್ಟದ ಮೇಲಿಂದ ಗಂಟೆಗೆ 10 ಕಿಲೋಮೀಟರ್ ಗಾಳಿ. ಇಷ್ಟೇ ಗಾಳಿಗೆ ತೆರೆದ ಚರ್ಮಕ್ಕೆ ಅದು ಮೈನಸ್ 40ರ ಸಮ, ಮೂಗು ಕೆನ್ನೆ ಹೆಪ್ಪುಗಟ್ಟಲು ಐದರಿಂದ ಹತ್ತು ನಿಮಿಷ ಸಾಕು. ಎರಡನೇ ಮನೆಯಲ್ಲಿ ಯಾರೂ ಇರಲಿಲ್ಲ. ಫೋನು ಮಾಡೋಣವೆಂದರೆ ಜೇಬಿನ ಹೊರಪದರದಲ್ಲಿದ್ದ ಫೋನು ಚಳಿಗೆ ಆರಿಹೋಗಿತ್ತು. ಬಂದಾರೆಂದು ಗೇಟಿನ ಮುಂದೆ 20 ನಿಮಿಷ ಕಾದರು. ಹೊಸಬ ಕಾಲು ಕುಟ್ಟುತ್ತಿದ್ದ. ಏಳೂ ನಲವತ್ತರ ಸುಮಾರಿಗೆ ನೋವು ನಿಂತಿತು. ಕುಟ್ಟಿದ್ದಕ್ಕೆ ಬಿಸಿಯಾಯಿತು ಎಂದುಕೊಂಡ.

ಇಡೀ ಸಂಜೆಯ ತಿರುವು ಇದು. ಚಳಿಯಲ್ಲಿ ನೋಯುತ್ತಿದ್ದ ಬೆರಳು ಬೆಚ್ಚಗಾಗುವ ಕಾರಣವೇ ಇಲ್ಲದೆ ನೋವು ನಿಲ್ಲಿಸಿದರೆ, ನರ ಮಾತಾಡುವುದನ್ನು ಬಿಟ್ಟಿದೆ ಎಂದರ್ಥ. ಬೆಚ್ಚಗಾಗುವ ಬೆರಳು ಸುಮ್ಮನಾಗುವುದಿಲ್ಲ, ಚುಚ್ಚುತ್ತದೆ, ಉರಿಯುತ್ತದೆ. ಆ ಕ್ಷಣದಲ್ಲಿ ಹತ್ತಿರದ ಯಾವುದಾದರೂ ಬಾಗಿಲೊಳಗೆ ಹೋಗಿ ಬೂಟು ಸಡಿಲಿಸಿ, ಒದ್ದೆ ಕಾಲುಚೀಲ ಬದಲಿಸಿ, ಬೆರಳನ್ನು ಅಂಗೈಯಲ್ಲಿ ಹಿಡಿದಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಅವರು ಬಸ್ಸಿಗೆ ನಡೆದರು.

ಬಕೆಟ್ ನೀರು

ಬೂಟು ಬಿಚ್ಚಿದ ಮೇಲೆ ಹೊಸಬ ಮಾಡಿದ ಮೊದಲ ಕೆಲಸ ಬಿಸಿ ರೇಡಿಯೇಟರಿಗೆ ಪಾದ ಒತ್ತಿದ್ದು. ಜೊತೆಗಾರ ಎಳೆದು ಬಿಡಿಸಿದ. ಎರಡನೆಯದಾಗಿ ಉಜ್ಜಲು ಹೋದ, ಅದನ್ನೂ ತಡೆದ. ಹೆಪ್ಪುಗಟ್ಟಿದ ಅಂಗಾಂಶದೊಳಗೆ ಮಂಜಿನ ಹರಳುಗಳಿರುತ್ತವೆ, ಉಜ್ಜಿದರೆ ಕೋಶಗಳು ಹರಿಯುತ್ತವೆ. ಹಿಮದಿಂದ ಉಜ್ಜಬೇಕೆಂಬ ಹಳೆಯ ಮಾತಂತೂ ಶುದ್ಧ ಕೇಡು.

ಇಂಥ ಹೊತ್ತಿನಲ್ಲಿ ಫೋನು ಹೋಗುವುದು ಸಾಮಾನ್ಯವಾಗಿ ಮಿಷನ್ ಅಧ್ಯಕ್ಷರ ಪತ್ನಿಗೆ. ಎಳೆಯರ ಜ್ವರ, ಹಲ್ಲುನೋವು, ಮನಸ್ಸಿನ ಬೇನೆ ಎಲ್ಲ ಮೊದಲು ಅವರ ಕಿವಿಗೇ ಬೀಳುತ್ತದೆ, ಅಲ್ಲಿಂದ ವೈದ್ಯರಿಗೆ. ಅಧ್ಯಕ್ಷರ ಪತ್ನಿ ಕೇಳಿದ ಮೊದಲ ಪ್ರಶ್ನೆ: "ಇವತ್ತು ರಾತ್ರಿ ಮತ್ತೆ ಹೊರಗೆ ಹೋಗೋದಿದೆಯಾ?" ಕಾರಣವಿದೆ. ಕರಗಿಸಿದ ಬೆರಳು ಮತ್ತೆ ಹೆಪ್ಪುಗಟ್ಟಿದರೆ ಹಾನಿ ಮೊದಲಿಗಿಂತ ಹೆಚ್ಚು, ಹಾಗಾಗಿ ಮತ್ತೆ ಚಳಿಗೆ ಒಡ್ಡುವುದು ಖಚಿತವಿದ್ದರೆ ಕರಗಿಸದೇ ಇರುವುದು ವಾಸಿ. ಹೋಗುವುದಿಲ್ಲ ಎಂದಾದ ಮೇಲೆ ಕ್ರಮ ಹೇಳಿದರು.

ನೀರು 37ರಿಂದ 39 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಬೇಕು, ಜೋಮು ಹಿಡಿದವನಲ್ಲ, ಇನ್ನೊಬ್ಬ. ಎಳೆಗೂಸಿಗೆ ಎರೆಯುವ ಮುಂಚೆ ನಮ್ಮ ಅಜ್ಜಿಯರು ನೋಡುವ ಹಾಗೆಯೇ, ಸುಖವೆನಿಸುವಷ್ಟು ಬಿಸಿ, ಚುರುಕ್ಕೆನ್ನಬಾರದು. ದೊಡ್ಡ ಬಕೆಟ್ಟೇ ಬೇಕು, ಏಕೆಂದರೆ ತಣ್ಣಗಿನ ಪಾದ ಸಣ್ಣ ಪಾತ್ರೆಯ ನೀರನ್ನು ಎರಡು ನಿಮಿಷದಲ್ಲಿ ಆರಿಸಿಬಿಡುತ್ತದೆ. ಬಿಸಿನೀರು ಸೇರಿಸುವಾಗ ಪಾದ ಹೊರಗೆ ತೆಗೆದು, ಕಲಸಿ, ಮತ್ತೆ ಮೊಣಕೈ ಅದ್ದಿ ನೋಡಿ, ಆಮೇಲೆ ಇಳಿಸಬೇಕು. ಬೆರಳು ಬಕೆಟ್ಟಿನ ಗೋಡೆಗೆ ತಾಗಬಾರದು. ಬೆರಳು ಮೆತ್ತಗಾಗಿ ಕೆಂಪು ಇಲ್ಲವೆ ನೇರಳೆ ಬಣ್ಣಕ್ಕೆ ತಿರುಗುವ ತನಕ, ಸುಮಾರು ಅರ್ಧ ಗಂಟೆ. ಹೊಟ್ಟೆಯ ತೊಂದರೆ, ಅಲರ್ಜಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಐಬುಪ್ರೊಫೆನ್ 400 ಮಿಲಿಗ್ರಾಂ. ಇದು ನೋವಿಗಷ್ಟೇ ಅಲ್ಲ, ಕರಗುವಾಗ ಆಗುವ ಉರಿಯೂತ ತಗ್ಗಿಸಲೂ ಬೇಕು. ಆಮೇಲೆ ಒರೆಸದೆ ಒತ್ತಿ ಒಣಗಿಸಿ, ಬೆರಳ ನಡುವೆ ಸಡಿಲ ಗಾಜ್ ಬಟ್ಟೆ ಇಟ್ಟು, ಕಾಲು ಎತ್ತರದಲ್ಲಿ. ನಡೆಯಕೂಡದು.

ಹನ್ನೆರಡನೇ ನಿಮಿಷಕ್ಕೆ ನೋವು ಬಂತು. ಹಲ್ಲು ಕಚ್ಚಿ ಅಳುವಂಥದ್ದು. ಗೊತ್ತಿಲ್ಲದವರು ನೀರಿಂದ ಕಾಲು ತೆಗೆದುಬಿಡುವುದು ಇಲ್ಲೇ. ಬರಬೇಕಾದ ನೋವು ಅದು.

ಬೆಳಿಗ್ಗೆ ಎರಡು ಬೆರಳಿನಲ್ಲಿ ತಿಳಿನೀರಿನ ಬೊಬ್ಬೆ ಎದ್ದಿತ್ತು. ಬೊಬ್ಬೆಯ ನೀರು ತಿಳಿಯಾಗಿದ್ದು ಉಗುರಿನ ತುದಿಯವರೆಗೂ ಹಬ್ಬಿದ್ದರೆ ಆಶೆ ಹೆಚ್ಚು. ರಕ್ತ ತುಂಬಿದ ಕಪ್ಪು ಬೊಬ್ಬೆ, ಅಥವಾ ಕರಗಿದ ಮೇಲೂ ಬೆಳ್ಳಗೆ ತಣ್ಣಗೆ ಉಳಿದ ಬೆರಳಾಗಿದ್ದರೆ ಬೆಳಗಿನ ತನಕ ಕಾಯುವ ಮಾತೇ ಇಲ್ಲ, ರಕ್ತನಾಳ ತೆರೆಸುವ ಔಷಧಗಳು ಬೇಗ ಕೊಟ್ಟಷ್ಟೂ ಹೆಚ್ಚು ಫಲ ಕೊಡುತ್ತವೆ. ಇಲ್ಲಿ ಆಸ್ಪತ್ರೆಯಲ್ಲಿ ಟೆಟನಸ್ ಚುಚ್ಚುಮದ್ದು, ಪಟ್ಟಿ, ವಿಶ್ರಾಂತಿಯಲ್ಲಿ ಮುಗಿಯಿತು.

ಹೇಳದೆ ಹೋದದ್ದು

ಬೂಟಿನ ಅಳತೆ, ಹತ್ತಿಯ ಕಾಲುಚೀಲ, ಬೆವರು, ಕರಗಿದ ಹಿಮ, ನಿಂತು ಕಾದದ್ದು, ಇವೆಲ್ಲ ಕಾರಣಗಳೇ. ಬಿಗಿ ಬೂಟು ರಕ್ತ ತಡೆಯಿತು, ಒದ್ದೆ ಕಾಲುಚೀಲ ಒಣಗಿದ್ದಕ್ಕಿಂತ ಎಷ್ಟೋ ಬೇಗ ಶಾಖ ಹೀರಿತು. ಆದರೂ ಇಷ್ಟೆಲ್ಲ ತಪ್ಪುಗಳ ನಡುವೆಯೂ, ನೋವು ಶುರುವಾದಾಗಿನಿಂದ ಅದು ನಿಲ್ಲುವ ತನಕ, ಸುಮಾರು ಎರಡು ಗಂಟೆ ಸಮಯವಿತ್ತು. ಅಷ್ಟು ಹೊತ್ತು ಹುಡುಗ ಯಾಕೆ ಬಾಯಿ ಬಿಡಲಿಲ್ಲ?

ಮಿಷನರಿಗಳಿಗೆ ಜೋಡಿಯ ನಿಯಮ ಎಲ್ಲಕ್ಕಿಂತ ದೊಡ್ಡದು. ಇಬ್ಬರೂ ಸದಾ ಪರಸ್ಪರರ ಕಣ್ಣಳತೆಯಲ್ಲಿ, ಕಿವಿಯಳತೆಯಲ್ಲಿ ಇರಬೇಕು. ಮಲಗುವುದೂ ಒಂದೇ ಕೋಣೆಯಲ್ಲಿ, ಬೇರೆ ಹಾಸಿಗೆ. ಮೈನಸ್ ಮೂವತ್ತರಲ್ಲಿ ಇದಕ್ಕಿಂತ ಒಳ್ಳೆಯ ಸುರಕ್ಷತಾ ಸಾಧನ ಇಲ್ಲ, ತನ್ನ ಮೂಗು ಬೆಳ್ಳಗಾದದ್ದನ್ನು ಯಾರೂ ತಾನೇ ನೋಡಿಕೊಳ್ಳಲಾರರು. ಆದರೆ ಅದೇ ನಿಯಮದ ಇನ್ನೊಂದು ಮುಖ: ಒಬ್ಬ ಮನೆಯಲ್ಲಿ ಕೂತರೆ ಇನ್ನೊಬ್ಬನೂ ಕೂರಲೇಬೇಕು. ಕಾಲು ನೋಯುತ್ತಿದೆ ಎನ್ನುವುದು ಹತ್ತೊಂಬತ್ತರ ಹುಡುಗನ ಮನಸ್ಸಿನಲ್ಲಿ ದೂರಲ್ಲ, ಜೊತೆಗಾರನ ದಿನ ಹಾಳುಮಾಡುವ ತಪ್ಪು. ನಾಲ್ಕು ವಾರದ ಹೊಸಬ, ಅಮೆರಿಕದ ಪ್ರೋವೊ ನಗರದ ಸಭೆಯ ತರಬೇತಿ ಕೇಂದ್ರದಲ್ಲಿ ಕಲಿತ ಮಂಗೋಲಿಯನ್ ಭಾಷೆ ಅಂಗಡಿಯಲ್ಲಿ ಹಾಲು ಕೊಳ್ಳಲೂ ಸಾಲದು, ಹೇಗೂ ತಾನು ಹೊರೆ ಎಂಬ ಭಾವ ಮೊದಲೇ ಇದೆ. ಇದರ ಹಿಂದೆ ಇನ್ನೊಂದು ಭಯ, ಅವಧಿಗೆ ಮುಂಚೆ ಮನೆಗೆ ಕಳಿಸಿಬಿಟ್ಟರೆ? ಊರಿನ ಸಭೆಯವರ ಮುಂದೆ ಮುಖ ಹೇಗೆ ತೋರಿಸುವುದು? ಕಾಯಿಲೆಯಿಂದ ಮರಳಿದವರನ್ನು ಯಾರೂ ಬಯ್ಯುವುದಿಲ್ಲ, ಆದರೂ ಹುಡುಗರು ಹೀಗೇ ಯೋಚಿಸುತ್ತಾರೆ. 2019ರಿಂದ ವಾರಕ್ಕೊಮ್ಮೆ ಮನೆಗೆ ಫೋನು ಮಾಡಬಹುದು, ಅದಕ್ಕೆ ಮುಂಚೆ ಅದು ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ ಮಾತ್ರ ಇತ್ತು. ಇದು ದೊಡ್ಡ ಉಪಕಾರವೇ. ಆದರೆ ಅಮ್ಮನಿಗೆ ತೋರುವುದು ಫೋನಿನ ಪರದೆಯ ಮೇಲಿನ ಮುಖ, ಪಾದವಲ್ಲ.

ಜೊತೆಗಾರನ ಕಡೆಯದ್ದೂ ಇದೆ. ಚಳಿಯ ಊರಿನಲ್ಲಿ ಹುಟ್ಟಿದವನಿಗೆ ಚಳಿಯ ವಿದ್ಯೆ ಮೈಗೆ ಗೊತ್ತಿರುತ್ತದೆ, ಬಾಯಿಗೆ ಬರುವುದಿಲ್ಲ. ಬಾಗಿಲ ಬಳಿಗೆ ಬಂದ ಮೇಲೆ ಕೋಟು ಹಾಕು, ಲೇಸು ಕೊನೆಯಲ್ಲಿ ಕಟ್ಟು ಎಂದು ಅವನಿಗೆ ಯಾರೂ ಪಾಠ ಮಾಡಿರಲಿಲ್ಲ, ಅವನೂ ಮಾಡಲಿಲ್ಲ. ಮಂಗೋಲಿಯಾದಿಂದ ಮುಂಡಗೋಡಿನ ಬೌದ್ಧ ವಿಹಾರಗಳಿಗೆ ಓದಲು ಬರುವ ಎಳೆಯ ಸನ್ಯಾಸಿಗಳಿಗೆ ಏಪ್ರಿಲ್ ಬಿಸಿಲಲ್ಲಿ ಎಷ್ಟು ನೀರು ಕುಡಿಯಬೇಕೆಂದು ಹೇಳಲು ನಮಗೂ ತೋಚಲಿಕ್ಕಿಲ್ಲ.

"ಚಳಿನಾ?", "ಆರಾಮಾ?" ಎಂಬ ಪ್ರಶ್ನೆಗಳು ಇಲ್ಲಿ ಕೆಲಸಕ್ಕೆ ಬಾರವು. ಕೇಳಬೇಕಾದದ್ದು: "ಕಿರುಬೆರಳು ಗೊತ್ತಾಗ್ತಿದೆಯಾ? ಆಡಿಸು." ಇದಕ್ಕೆ ಪರವಾಗಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಹೊರಗಿದ್ದಾಗ ಹತ್ತು ನಿಮಿಷಕ್ಕೊಮ್ಮೆ ಕೇಳಬೇಕು, ಕೇಳುವಾಗ ಎದುರಿನವನ ಮೂಗು, ಕೆನ್ನೆ, ಕಿವಿಯ ತುದಿ ನೋಡಬೇಕು. ಕನ್ನಡಕದ ಲೋಹದ ಕಡ್ಡಿ ತಾಗುವ ಜಾಗದಲ್ಲಿ ಬಿಳಿ ಮಚ್ಚೆ ಮೊದಲು ಏಳುತ್ತದೆ. ನೋವು ತಾನಾಗಿ ನಿಂತಿತು ಎಂದ ಕೂಡಲೇ ಆ ದಿನದ ಓಡಾಟ ಮುಗಿಯಿತು, ಚರ್ಚೆಯಿಲ್ಲ. ಹಾಗೆಯೇ ಗೆರ್‌ನಿಂದ ಬಂದ ಮೇಲೆ ತಲೆನೋವು, ವಾಕರಿಕೆ ಇದ್ದರೆ ಚಳಿಯ ಮೇಲೆ ಹಾಕದೆ ಒಲೆಯ ವಿಷಾನಿಲವೆಂದು ಮೊದಲು ಅನುಮಾನಿಸಬೇಕು. 2019ರಲ್ಲಿ ಕಚ್ಚಾ ಕಲ್ಲಿದ್ದಲು ನಿಷೇಧಿಸಿ ಸಂಸ್ಕರಿಸಿದ ಕಲ್ಲಿದ್ದಲಿನ ಉಂಡೆ ತಂದ ಮೇಲೆ ಅಲ್ಲಿ ಅದರಿಂದ ಸಾವುಗಳಾಗಿವೆ.

ಬೂಟಿನ ವಿಷಯ ಚಿಕ್ಕದು. ಒಂದು ಅಳತೆ ದೊಡ್ಡದು ಕೊಳ್ಳಿ, ಒಳಗಿನ ಉಣ್ಣೆಯ ಪದರ ಹೊರತೆಗೆಯುವಂತಿರಲಿ, ಪ್ರತಿರಾತ್ರಿ ತೆಗೆದು ಒಣಗಿಸಿ. ತೆಳುವಾದ ಸಿಂಥೆಟಿಕ್ ಕಾಲುಚೀಲ ಒಂದು, ದಪ್ಪ ಉಣ್ಣೆಯದು ಒಂದು, ಅಷ್ಟೇ. ಮೂರನೆಯ ಜೊತೆ ಕೋಟಿನ ಒಳಜೇಬಿನಲ್ಲಿರಲಿ, ಫೋನೂ ಅಲ್ಲೇ. ನಾರಾನ್‌ತೂಲ್ ಸಂತೆಯಲ್ಲಿ ಒಂಟೆಯುಣ್ಣೆಯ ಕಾಲುಚೀಲ ಬೇಕಾದಷ್ಟು ಸಿಗುತ್ತದೆ, ದೊಡ್ಡ ಪಾದದ ಬೂಟು ಸಿಗುವುದು ಕಷ್ಟ. ಬೂಟು ಊರಿಂದ, ಕಾಲುಚೀಲ ಅಲ್ಲಿಂದ. ಈ ಸಭೆಯ ಮಂದಿರದ ವಿಧಿ ಮುಗಿಸಿದವರು ದಿನವೂ ತೊಡುವ ಒಳವಸ್ತ್ರ ಹತ್ತಿಯದಲ್ಲದ ಬಟ್ಟೆಯಲ್ಲೂ ಬರುತ್ತದೆ, ಹೊರಡುವ ಮುಂಚೆಯೇ ಅದನ್ನು ಆರಿಸಿಕೊಂಡರೆ ಬೆನ್ನ ಬೆವರು ಮೈಗಂಟುವುದಿಲ್ಲ.

ಆಮೇಲೆ

ಮೂರು ವಾರ ಹೊಸಬ ಹೊರಗೆ ಹೋಗಲಿಲ್ಲ. ಜೊತೆಗಾರನ ಕೆಲಸ ನಿಲ್ಲದಂತೆ ವಾರಕ್ಕೆ ಮೂರು ದಿನ ಇನ್ನೊಂದು ಜೋಡಿಯೊಂದಿಗೆ ಅದಲುಬದಲು ಮಾಡಿಕೊಂಡರು, ಒಬ್ಬ ಬಂದು ಹೊಸಬನ ಜೊತೆ ಭಾಷೆ ಓದುತ್ತ ಕೂತರೆ ಇನ್ನೊಬ್ಬನೊಂದಿಗೆ ಜೊತೆಗಾರ ಹೊರಗೆ. ಈ ಏರ್ಪಾಡು ಇದೆ ಎಂದು ಬಂದ ಮೊದಲ ದಿನವೇ ಹೊಸಬನಿಗೆ ಹೇಳಿದ್ದರೆ ಆ ಸಂಜೆ ಅವನು ಬಾಯಿ ಬಿಡುವ ಸಾಧ್ಯತೆ ಹೆಚ್ಚಿತ್ತು. ಬೊಬ್ಬೆ ಒಣಗಿ ಕಂದು ಸಿಪ್ಪೆಯಾಗಿ ಕಳಚಿತು, ಕೆಳಗೆ ಗುಲಾಬಿ ಚರ್ಮ. ಒಂದು ಉಗುರು ಉದುರಿತು. ಒಮ್ಮೆ ಹೆಪ್ಪುಗಟ್ಟಿದ ಬೆರಳು ಮುಂದೆ ವರ್ಷಗಟ್ಟಲೆ ಬೇರೆಲ್ಲಕ್ಕಿಂತ ಮೊದಲು ಚಳಿಗೆ ಸೋಲುತ್ತದೆ, ಹಾಗಾಗಿ ಮುಂದಿನ ಚಳಿಗಾಲದಲ್ಲಿ ಅವನನ್ನು ಗೆರ್ ಬಡಾವಣೆಯಿಲ್ಲದ ಭಾಗಕ್ಕೆ ಹಾಕಬೇಕೆಂದು ಕಡತದಲ್ಲಿ ಬರೆಯಲಾಯಿತು.

ಅವನು ಮತ್ತೆ ಹೊರಬಿದ್ದದ್ದು ಫೆಬ್ರುವರಿ 6ಕ್ಕೆ. ಅದು ಆರನೇ ಒಂಬತ್ತು, ದಾರಿ ಗೆರೆಯಾಗಿ ಕಾಣಿಸಿಕೊಳ್ಳುವ ಕಾಲ ಎನ್ನುತ್ತದೆ ಗಾದೆ. ಮೈನಸ್ 19. ಬಾಗಿಲಲ್ಲಿ ನಿಂತು ಕೊನೆಗೆ ಲೇಸು ಕಟ್ಟಿದ. ಬಸ್‌ನಿಲ್ದಾಣದ ಪಕ್ಕದ ಅಂಗಡಿಯೊಳಗೆ ಕಾದು ನಿಂತಾಗ ಜೊತೆಗಾರ ಕೇಳಿದ:

"ಕಿರುಬೆರಳು?"

"ಇದೆ. ಸ್ವಲ್ಪ ಚುಚ್ತಿದೆ."

ಮುಂದಿನ ಬಸ್ಸಿಗೆ ಹೋದರು.